ಮನೆಯ ಡಿಜಿಟಲ್ ರೆಕಾರ್ಡರಿನಲ್ಲಿ ಟ್ರ್ಯಾಕ್ ಸಾಲದಾದಾಗ, ಕಾರ್ಡ್ ತುಂಬಿದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಜೂಮ್, ಟ್ಯಾಸ್ಕ್ಯಾಮ್, ಬಾಸ್, ರೋಲ್ಯಾಂಡ್ ಕಂಪನಿಗಳ ಮಲ್ಟಿಟ್ರ್ಯಾಕ್ ರೆಕಾರ್ಡರ್ (ಒಂದೊಂದು ದನಿಯನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಹಿಡಿದಿಡುವ ಯಂತ್ರ) ಇಟ್ಟುಕೊಂಡು ಮನೆಯ ಒಂದು ಕೋಣೆಯಲ್ಲೇ ಭಾವಗೀತೆ, ದೇವರನಾಮ, ಬ್ಯಾಂಡಿನ ಡೆಮೊ ಮುಗಿಸುವವರಿಗಾಗಿ ಈ ಪುಟ. ಇಲ್ಲಿನ ಲೆಕ್ಕಗಳೆಲ್ಲ ಕಂಪ್ರೆಸ್ ಆಗದ ವೇವ್ ಫೈಲಿನವು. 1 ಎಂಬಿ ಅಂದರೆ 10 ಲಕ್ಷ ಬೈಟ್ ಎಂದು ಹಿಡಿದಿದ್ದೇವೆ. ಮೆನುವಿನ ಹೆಸರುಗಳು ಮಾದರಿಯಿಂದ ಮಾದರಿಗೆ ಬೇರೆ, ಒಳಗೆ ನಡೆಯುವ ಕೆಲಸ ಒಂದೇ.

8 ಟ್ರ್ಯಾಕ್ ರೆಕಾರ್ಡರ್ ಅಂದರೆ ಒಂದೇ ಸಲ 8 ಮೈಕ್ ಹಾಕಬಹುದಾ?

ಹೆಚ್ಚಿನವುಗಳಲ್ಲಿ ಆಗುವುದಿಲ್ಲ. ಕೊಳ್ಳುವಾಗ ಮೂರು ಅಂಕಿಗಳನ್ನು ಬೇರೆ ಬೇರೆ ಕೇಳಿ: ಒಟ್ಟಿಗೆ ಎಷ್ಟು ಟ್ರ್ಯಾಕ್ ಕೇಳಿಸುತ್ತದೆ, ಒಟ್ಟಿಗೆ ಎಷ್ಟು ಟ್ರ್ಯಾಕ್ ರೆಕಾರ್ಡ್ ಆಗುತ್ತದೆ, ಬೇರೆ ಬೇರೆ ಟೇಕ್ (ಒಂದು ಸಲ ಹಾಡಿದ್ದು, ನುಡಿಸಿದ್ದು) ಬಚ್ಚಿಟ್ಟುಕೊಳ್ಳಲು ಎಷ್ಟು ವರ್ಚುವಲ್ ಟ್ರ್ಯಾಕ್ ಇದೆ. ಜೂಮ್ ಆರ್8 ಮತ್ತು ಟ್ಯಾಸ್ಕ್ಯಾಮ್ ಡಿಪಿ-03ಎಸ್‌ಡಿ ಎರಡರಲ್ಲೂ 8 ಟ್ರ್ಯಾಕ್ ಕೇಳಿಸುತ್ತದೆ, ಆದರೆ ಒಮ್ಮೆಗೆ ರೆಕಾರ್ಡ್ ಆಗುವುದು 2 ಮಾತ್ರ. ಜೂಮ್ ಆರ್16 ಆದರೆ 16 ಟ್ರ್ಯಾಕಿಗೆ 8, ಟ್ಯಾಸ್ಕ್ಯಾಮ್ ಡಿಪಿ-24ಎಸ್‌ಡಿ ಆದರೆ 24ಕ್ಕೆ 8. ಈ ಡಿಪಿ-24ರ ಟ್ರ್ಯಾಕುಗಳಲ್ಲೂ 12 ಮಾತ್ರ ಮೊನೊ. ಉಳಿದ 12 ಆರು ಸ್ಟೀರಿಯೊ ಜೋಡಿಗಳಾಗಿ ಒಂದೊಂದು ಫೇಡರಿನ (ಲೆವೆಲ್ ಏರಿಸಿ ಇಳಿಸುವ ಜಾರುಗುಂಡಿ) ಕೆಳಗೆ ಕೂತಿವೆ.

ಒಬ್ಬರೇ ಒಂದೊಂದಾಗಿ ನುಡಿಸಿ ಹಾಡುವವರಿಗೆ 2 ಇನ್‌ಪುಟ್ ಧಾರಾಳ. ಗಾಯಕ, ಪಿಟೀಲು, ಮೃದಂಗ, ಘಟ ನಾಲ್ಕನ್ನೂ ಒಟ್ಟಿಗೆ ಕೂರಿಸಿ ರೆಕಾರ್ಡ್ ಮಾಡಬೇಕೆಂದರೆ ಇನ್‌ಪುಟ್ ಸಂಖ್ಯೆಯೇ ಮುಖ್ಯ, ಟ್ರ್ಯಾಕ್ ಸಂಖ್ಯೆ ಅಲ್ಲ. ಇನ್‌ಪುಟ್ ಕೊರತೆಗೆ ಈ ಪುಟದ ಯಾವ ಉಪಾಯವೂ ಪೂರ್ತಿ ಮದ್ದಲ್ಲ; ಒಂದು ಸಣ್ಣ ಮಿಕ್ಸರ್ ಮುಂದಿಟ್ಟು ಎರಡಕ್ಕೆ ಇಳಿಸಬಹುದು, ಆದರೆ ಆಮೇಲೆ ಬಿಡಿಸಲಾಗದು.

ಒಂದು ನಿಮಿಷಕ್ಕೆ ಎಷ್ಟು ಜಾಗ ಹೋಗುತ್ತದೆ?

ಸ್ಯಾಂಪಲ್ ರೇಟನ್ನು (ಸೆಕೆಂಡಿಗೆ ಸದ್ದನ್ನು ಎಷ್ಟು ಸಲ ಅಳೆಯುತ್ತದೆ ಎಂಬ ಅಂಕಿ) ಒಂದು ಸ್ಯಾಂಪಲಿನ ಬೈಟುಗಳಿಂದ ಗುಣಿಸಿ, 60ರಿಂದ ಗುಣಿಸಿ. 16 ಬಿಟ್ ಅಂದರೆ 2 ಬೈಟ್, 24 ಬಿಟ್ ಅಂದರೆ 3. ಹಾಗೆ ನೋಡಿದರೆ 44.1 ಕಿಲೋಹರ್ಟ್ಸ್, 16 ಬಿಟ್‌ನ ಒಂದು ಮೊನೊ ಟ್ರ್ಯಾಕಿಗೆ ನಿಮಿಷಕ್ಕೆ 5.3 ಎಂಬಿ; 24 ಬಿಟ್ ಆದರೆ 7.9, 48 ಕಿಲೋಹರ್ಟ್ಸ್ 24 ಬಿಟ್‌ಗೆ 8.6, 96 ಕಿಲೋಹರ್ಟ್ಸ್ 24 ಬಿಟ್‌ಗೆ 17.3.

8 ಟ್ರ್ಯಾಕ್ ಪೂರ್ತಿ ತುಂಬಿದ 4 ನಿಮಿಷದ ಹಾಡು, 44.1 ಮತ್ತು 24 ಬಿಟ್‌ನಲ್ಲಿ, ಸುಮಾರು 254 ಎಂಬಿ. ಆ ಲೆಕ್ಕದಲ್ಲಿ 32 ಜಿಬಿ ಕಾರ್ಡಿಗೆ ಎಂಟೂ ಟ್ರ್ಯಾಕ್ ಓಡುತ್ತಾ 8 ಗಂಟೆಗೂ ಮೀರಿ ಹಿಡಿಸುತ್ತದೆ. ಹಳೆಯ ಮಾದರಿಗೆ 2 ಜಿಬಿ ಕಾರ್ಡೇ ಗತಿ ಎಂದಾದರೆ, 16 ಬಿಟ್‌ನಲ್ಲೂ 8 ಟ್ರ್ಯಾಕಿಗೆ 47 ನಿಮಿಷವಷ್ಟೆ. ಹಾಡಿಗೆ ಮೂರು ಮೂರು ಟೇಕ್ ಇಟ್ಟುಕೊಂಡರೆ ನಾಲ್ಕನೆಯ ಹಾಡಿಗೇ ಕಾರ್ಡ್ ಕೈಚೆಲ್ಲುತ್ತದೆ.

ಜಾಗ ಉಳಿಸಲು 16 ಬಿಟ್‌ಗೆ ಇಳಿಯಬಹುದಾ? ಎಂಪಿ3?

16 ಬಿಟ್‌ಗೆ ಇಳಿದರೆ ಮೂರನೇ ಒಂದು ಭಾಗ ಜಾಗ ಉಳಿಯುತ್ತದೆ. ಅದರಲ್ಲಿ ಅತಿ ಮೆಲ್ಲನೆಯ ಸದ್ದಿನಿಂದ ಅತಿ ಜೋರಿನವರೆಗಿನ ಸೈದ್ಧಾಂತಿಕ ವ್ಯಾಪ್ತಿ 96 ಡಿಬಿ (ಡೆಸಿಬೆಲ್). ಮನೆಯ ಕೋಣೆಯ ಫ್ಯಾನು, ಬೀದಿಯ ಸದ್ದು ಎಲ್ಲ ಆ ತಳಕ್ಕಿಂತ ಎಷ್ಟೋ ಮೇಲಿರುತ್ತವೆ. ಆದರೆ 24 ಬಿಟ್‌ನ ನಿಜವಾದ ಲಾಭ ಬೇರೆ: ಲೆವೆಲ್ಲನ್ನು ತಗ್ಗಿಸಿ, ಪೀಕ್ (ಅತಿ ಜೋರಿನ ಕ್ಷಣ) ಯಂತ್ರದ ಮಿತಿಗಿಂತ 12 ಡಿಬಿ ಕೆಳಗೆ, ಅಂದರೆ ಮೈನಸ್ 12 ಡಿಬಿಯ ಆಸುಪಾಸಿನಲ್ಲಿ, ನಿಶ್ಚಿಂತೆಯಿಂದ ರೆಕಾರ್ಡ್ ಮಾಡಬಹುದು. ಗಾಯಕರು ತಾರಸ್ಥಾಯಿಗೆ ಏರಿದಾಗ ಕ್ಲಿಪ್ ಆಗುವುದಿಲ್ಲ, ಅಂದರೆ ಮಿತಿ ಮೀರಿ ಸದ್ದು ಒಡೆಯುವುದಿಲ್ಲ. ಕಾರ್ಡ್ ದೊಡ್ಡದಿದ್ದರೆ 24, ಹಳೆಯ 1-2 ಜಿಬಿ ಕಾರ್ಡಾದರೆ 16. ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. 96 ಕಿಲೋಹರ್ಟ್ಸ್ ಮನೆಯ ಪದರ ಪದರದ ರೆಕಾರ್ಡಿಂಗಿಗೆ ದಂಡ.

ಎಂಪಿ3ಯಲ್ಲಿ ಪದರ ಕಟ್ಟುವುದು ಬೇಡವೇ ಬೇಡ. ಗುಣಮಟ್ಟ ಒಂದು ಕಾರಣ. ಇನ್ನೊಂದನ್ನು ಬಹಳ ಜನ ಗಮನಿಸುವುದಿಲ್ಲ. ಎಂಪಿ3 ಮಾಡುವಾಗ ಫೈಲಿನ ಮೊದಲಿಗೆ ಹತ್ತಿಪ್ಪತ್ತು ಮಿಲಿಸೆಕೆಂಡಿಗೂ ಮೀರಿದ ಮೌನ ಸೇರಿಕೊಳ್ಳುತ್ತದೆ. ಅದನ್ನು ಮತ್ತೆ ರೆಕಾರ್ಡರಿಗೆ ತಂದು ಅದರ ಮೇಲೆ ತಬಲ ನುಡಿಸಿದರೆ, ಮೂಲ ಟ್ರ್ಯಾಕುಗಳ ಜೊತೆ ಕೂರಿಸುವಾಗ ಲಯ ಜಾರಿರುತ್ತದೆ.

ಯಾವ ಕಾರ್ಡ್ ತರಬೇಕು?

ಮೊದಲು ರೆಕಾರ್ಡರಿನ ಮಿತಿ ನೋಡಿ. ಮೂಲ ಎಸ್‌ಡಿ ಕಾರ್ಡ್ 2 ಜಿಬಿವರೆಗೆ, ಎಸ್‌ಡಿಎಚ್‌ಸಿ 32 ಜಿಬಿವರೆಗೆ, ಅದರಾಚೆಗಿನದು ಎಸ್‌ಡಿಎಕ್ಸ್‌ಸಿ. ಆರ್16, ಆರ್8, ಡಿಪಿ-24ಎಸ್‌ಡಿ ಇವೆಲ್ಲ 32 ಜಿಬಿಗೆ ನಿಲ್ಲುತ್ತವೆ. 64 ಜಿಬಿ ಕಾರ್ಡನ್ನು ಕಂಪ್ಯೂಟರಿನಲ್ಲಿ ಬಲವಂತವಾಗಿ ಫ್ಯಾಟ್32 ಎಂಬ ಹಳೆಯ ಫೈಲ್ ವ್ಯವಸ್ಥೆಗೆ ಫಾರ್ಮ್ಯಾಟ್ ಮಾಡಿ ಹಾಕಿದರೆ ಕೆಲವೊಮ್ಮೆ ಓಡುತ್ತದೆ. ಒಳ್ಳೆಯ ಟೇಕಿನ ನಡುವೆ ಅದು ಕೈಕೊಟ್ಟರೆ ಕೇಳುವವರಿಲ್ಲ. ಎರಡು 32 ಜಿಬಿ ಕಾರ್ಡೇ ಸರಿ.

ವೇಗದ ಬಗ್ಗೆ: 8 ಟ್ರ್ಯಾಕ್, 44.1, 24 ಬಿಟ್ ಬರೆಯಲು ಸೆಕೆಂಡಿಗೆ 1.06 ಎಂಬಿ ಸಾಕು. ಕ್ಲಾಸ್ 10 ಕಾರ್ಡಿನ ಕನಿಷ್ಠ ವೇಗವೇ 10 ಎಂಬಿ. ಹಾಗಿದ್ದರೂ ‘ಕಾರ್ಡ್ ನಿಧಾನ’ ಎಂಬ ಎಚ್ಚರಿಕೆ ಬರುವುದೇಕೆ? ಸರಾಸರಿ ವೇಗ ಕಡಿಮೆಯಾಗಿ ಅಲ್ಲ; ಕಾರ್ಡ್ ಆಗಾಗ ಕ್ಷಣಕಾಲ ನಿಂತು ತನ್ನ ಒಳಗನ್ನು ಜೋಡಿಸಿಕೊಳ್ಳುವುದರಿಂದ. ತುಂಬಿ ಅಳಿಸಿ ತುಂಬಿ ಅಳಿಸಿ ಚದುರಿಹೋದ ಕಾರ್ಡಿನಲ್ಲಿ ಈ ನಿಲುಗಡೆ ಹೆಚ್ಚು. ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿ, ರೆಕಾರ್ಡರಿನಲ್ಲೇ ಪೂರ್ತಿ ಫಾರ್ಮ್ಯಾಟ್ ಮಾಡಿದರೆ ಸಾಮಾನ್ಯವಾಗಿ ವಾಸಿಯಾಗುತ್ತದೆ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ, ಗಾಂಧಿನಗರದ ನ್ಯಾಷನಲ್ ಮಾರ್ಕೆಟಿನಲ್ಲಿ, ಆನ್‌ಲೈನಿನಲ್ಲಿ, ಎಲ್ಲಿ ತಂದರೂ ಬಿಲ್ ತೆಗೆದುಕೊಳ್ಳಿ ಮತ್ತು ಬಳಸುವ ಮೊದಲೇ ಪರೀಕ್ಷಿಸಿ. ನಕಲಿ ಕಾರ್ಡ್ 32 ಜಿಬಿ ಎಂದು ತೋರಿಸುತ್ತದೆ, ಒಳಗೆ 4 ಅಥವಾ 8 ಇರುತ್ತದೆ. ಅಷ್ಟು ತುಂಬಿದ ಮೇಲೆ ಹೊಸದು ಹಳೆಯದರ ಮೇಲೆ ಬರೆದುಕೊಳ್ಳುತ್ತದೆ, ಅಥವಾ ಗಾಳಿಗೆ ಹೋಗುತ್ತದೆ, ರೆಕಾರ್ಡರ್ ಮಾತ್ರ ಏನೂ ಆಗದಂತೆ ಓಡುತ್ತಿರುತ್ತದೆ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶ ಇಡೀ ಕಾರ್ಡನ್ನು ತುಂಬಿ ಮತ್ತೆ ಓದಿ ನೋಡುತ್ತವೆ. ಸೆಕೆಂಡಿಗೆ 10 ಎಂಬಿ ಬರೆಯುವ ಕಾರ್ಡಾದರೆ ಬರೆಯುವುದಕ್ಕೇ ಸುಮಾರು 53 ನಿಮಿಷ ಹಿಡಿಯುತ್ತದೆ. ಕಾಯಿರಿ. ಮೈಕ್ರೊ ಎಸ್‌ಡಿಯನ್ನು ಅಡಾಪ್ಟರಿನಲ್ಲಿ ಹಾಕುವ ಬದಲು ಪೂರ್ಣ ಗಾತ್ರದ ಕಾರ್ಡನ್ನೇ ಆರಿಸಿ. ಅಡಾಪ್ಟರಿನ ಸಡಿಲ ಸಂಪರ್ಕವೇ ಎಷ್ಟೋ ‘ಕಾರ್ಡ್ ಎರರ್’ಗಳ ಮೂಲ.

ಟೇಕ್‌ಗಳನ್ನು ಅಳಿಸಿದ್ದೇನೆ, ಆದರೂ ಜಾಗ ಹೆಚ್ಚಾಗಿಲ್ಲ. ಯಾಕೆ?

ಅಳಿಸಿದ್ದು ಕಣ್ಣಿಗೆ ಮಾತ್ರ ಮರೆಯಾಗಿದೆ. ಅನ್‌ಡೂ ಕೆಲಸ ಮಾಡಬೇಕಾದರೆ ಹಳೆಯ ಟೇಕ್ ಎಲ್ಲೋ ಉಳಿದಿರಲೇಬೇಕಲ್ಲ. ಪಂಚ್-ಇನ್ ಮಾಡಿ (ತಪ್ಪಿದ ಜಾಗವನ್ನಷ್ಟೇ ಮತ್ತೆ ರೆಕಾರ್ಡ್ ಮಾಡಿ) ಹತ್ತು ಸಲ ತಿದ್ದಿದ ಒಂದು ಸಾಲು, ಹತ್ತು ತುಂಡು ಫೈಲಾಗಿ ಕಾರ್ಡಿನಲ್ಲಿ ಕೂತಿರುತ್ತದೆ. ಬಾಸ್ ಮತ್ತು ರೋಲ್ಯಾಂಡ್ ಯಂತ್ರಗಳಲ್ಲಿ ಇದಕ್ಕೆ ‘ಸಾಂಗ್ ಆಪ್ಟಿಮೈಸ್’ ಎಂಬ ಮೆನು ಇದೆ. ಬಳಕೆಯಲ್ಲಿಲ್ಲದ ತುಂಡುಗಳನ್ನೆಲ್ಲ ಗುಡಿಸಿ ಹಾಕುತ್ತದೆ. ಒಮ್ಮೆ ಓಡಿಸಿದರೆ ಹಿಂದಿನ ಅನ್‌ಡೂ ಎಲ್ಲ ಹೋಯಿತೆಂದೇ ತಿಳಿಯಿರಿ. ಜೂಮ್‌ನಲ್ಲಿ ಟ್ರ್ಯಾಕಿಗೆ ಕಟ್ಟದ ಹಳೆಯ ವೇವ್ ಫೈಲುಗಳು ಪ್ರಾಜೆಕ್ಟ್ ಫೋಲ್ಡರಿನಲ್ಲೇ ಉಳಿಯುತ್ತವೆ. ಅವನ್ನು ಒಂದೊಂದಾಗಿ ಕೇಳಿ ಅಳಿಸಬೇಕು.

ವರ್ಚುವಲ್ ಟ್ರ್ಯಾಕಿನದೂ ಇದೇ ಕಥೆ. 1996ರ ರೋಲ್ಯಾಂಡ್ ವಿಎಸ್-880ರಲ್ಲಿ 8 ಟ್ರ್ಯಾಕಿಗೆ ತಲಾ 8ರಂತೆ 64 ಇದ್ದವು, ಬಾಸ್ ಬಿಆರ್-800ರಲ್ಲೂ 64. ಆದರೆ ಒಂದು ಟ್ರ್ಯಾಕಿನಲ್ಲಿ ಒಂದು ಸಮಯಕ್ಕೆ ಕೇಳುವುದು ಒಂದೇ. ಜಾಗ ಮಾತ್ರ ಅರವತ್ನಾಲ್ಕಕ್ಕೂ ಹೋಗುತ್ತದೆ. ಅವು ಪಲ್ಲವಿಯ ನಾಲ್ಕು ಟೇಕ್‌ನಲ್ಲಿ ಒಳ್ಳೆಯದನ್ನು ಆರಿಸಲು ಇರುವ ಉಗ್ರಾಣ. ಹೆಚ್ಚುವರಿ ವಾದ್ಯಕ್ಕೆ ಜಾಗ ಎಂದು ಅಂದುಕೊಂಡರೆ ಮಿಕ್ಸ್ ದಿನ ಸಿಕ್ಕಿಬೀಳುತ್ತೀರಿ.

ಬೌನ್ಸ್ ಅಂದರೇನು? 8 ಟ್ರ್ಯಾಕಿನಲ್ಲಿ ಎಷ್ಟು ವಾದ್ಯ ಹಿಡಿಸಬಹುದು?

ಹಲವು ಟ್ರ್ಯಾಕ್‌ಗಳನ್ನು ಯಂತ್ರದ ಒಳಗೇ ಬೆರೆಸಿ ಒಂದು ಅಥವಾ ಎರಡು ಖಾಲಿ ಟ್ರ್ಯಾಕಿಗೆ ಬರೆದು, ಮೂಲ ಟ್ರ್ಯಾಕ್‌ಗಳನ್ನು ಬಿಡುಗಡೆ ಮಾಡುವುದು. ಕ್ಯಾಸೆಟ್ ಕಾಲದ 4 ಟ್ರ್ಯಾಕ್ ಯಂತ್ರದಲ್ಲಿ ಪ್ರತಿ ಬೌನ್ಸಿಗೂ ಟೇಪಿನ ಸುಯ್ ಸದ್ದು ಸೇರುತ್ತಿತ್ತು. ಡಿಜಿಟಲ್‌ನಲ್ಲಿ ಆ ಕಾಟವಿಲ್ಲ. 24 ಬಿಟ್‌ನಲ್ಲಿ ಮೂರು ಸಲ ಬೌನ್ಸ್ ಮಾಡಿದರೂ ಕಿವಿಗೆ ವ್ಯತ್ಯಾಸ ಗೊತ್ತಾಗದು. ಕಳೆದುಕೊಳ್ಳುವುದು ಗುಣಮಟ್ಟವನ್ನಲ್ಲ, ತಿದ್ದುವ ಸ್ವಾತಂತ್ರ್ಯವನ್ನು. ತಬಲ ಹೆಚ್ಚಾಯಿತು ಅಂತ ನಾಳೆ ಅನ್ನಿಸಿದರೆ ಹಾರ್ಮೋನಿಯಂ ಕೂಡ ಅದರ ಜೊತೆಗೇ ತಗ್ಗುತ್ತದೆ.

ಒಂದು ಭಾವಗೀತೆಯ ಉದಾಹರಣೆ ತೆಗೆದುಕೊಳ್ಳೋಣ. ಒಮ್ಮೆಗೆ 2 ರೆಕಾರ್ಡ್ ಆಗುವ 8 ಟ್ರ್ಯಾಕ್ ಯಂತ್ರ.

ಟ್ರ್ಯಾಕ್ 1ರಲ್ಲಿ ಗೈಡ್, ಅಂದರೆ ಉಳಿದವರು ಅನುಸರಿಸುವ ದಾರಿ: ಕ್ಲಿಕ್ (ಮೆಟ್ರೊನೋಮಿನ ತಾಳದ ಟಿಕ್) ಮತ್ತು ಒರಟಾಗಿ ಹಾಡಿದ ದನಿ ಎರಡೂ ಒಂದೇ ಟ್ರ್ಯಾಕಿನಲ್ಲಿ. ಮೊದಲಿಗೆ ನಾಲ್ಕು ಎಣಿಕೆ ಇರಲೇಬೇಕು. 2ರಲ್ಲಿ ತಬಲ, 3ರಲ್ಲಿ ಡಗ್ಗ, 4ರಲ್ಲಿ ಹಾರ್ಮೋನಿಯಂ, 5ರಲ್ಲಿ ಗಿಟಾರ್, 6ರಲ್ಲಿ ಕೀಬೋರ್ಡ್. ಈಗ ಹಾಡನ್ನು ಹೊಸ ಹೆಸರಿನಲ್ಲಿ ಕಾಪಿ ಮಾಡಿ. ಈ ಹೆಜ್ಜೆ ಬಿಟ್ಟವರೇ ಆಮೇಲೆ ಪರದಾಡುವುದು. ಕಾಪಿಯಲ್ಲಿ 1ನ್ನು ಮ್ಯೂಟ್ ಮಾಡಿ, 2ರಿಂದ 6ರವರೆಗಿನದನ್ನು 7-8ಕ್ಕೆ ಸ್ಟೀರಿಯೊ ಬೌನ್ಸ್ ಮಾಡಿ. ಕೇಳಿ ನೋಡಿ, ಒಪ್ಪಿಗೆಯಾದರೆ 2ರಿಂದ 6 ಅಳಿಸಿ. ಐದು ಟ್ರ್ಯಾಕ್ ಖಾಲಿ.

ಮುಂದೆ ಕೋರಸ್. ಮೂರು ದನಿಗಳನ್ನು 2, 3, 4ರಲ್ಲಿ ತೆಗೆದು 5-6ಕ್ಕೆ ಬೌನ್ಸ್ ಮಾಡಿ. ಆಗ 7-8 ಮ್ಯೂಟ್ ಆಗಿರಬೇಕು, ಇಲ್ಲವಾದರೆ ಹಿನ್ನೆಲೆ ವಾದ್ಯವೆಲ್ಲ ಕೋರಸ್ಸಿನ ಒಳಗೂ ಸೇರುತ್ತದೆ. ಮತ್ತೆ 2, 3, 4 ಅಳಿಸಿ. ಅಲ್ಲಿ ಮುಖ್ಯ ಗಾಯನ, ಕೊಳಲು, ಪಿಟೀಲು. ಕೊನೆಗೆ ಗೈಡ್ ಇದ್ದ 1ನೇ ಟ್ರ್ಯಾಕೂ ಬಿಡುವಾಗುತ್ತದೆ, ಅಲ್ಲಿ ಗೆಜ್ಜೆಯೋ ಮಂಜೀರವೋ. ಒಟ್ಟು 12 ನಿಜವಾದ ಟ್ರ್ಯಾಕ್, 8 ಟ್ರ್ಯಾಕಿನ ಪೆಟ್ಟಿಗೆಯಲ್ಲಿ. ಬೌನ್ಸಿಗೆ ಪ್ರತ್ಯೇಕ ಮಾಸ್ಟರ್ ಟ್ರ್ಯಾಕ್ ಇರುವ ಮಾದರಿಯಾದರೆ ಎಂಟನ್ನೂ ತುಂಬಿ ಒಮ್ಮೆಗೇ ಇಳಿಸಬಹುದು; ಆ ಸ್ಟೀರಿಯೊ ಫೈಲನ್ನು ಹೊಸ ಹಾಡಿನ 1-2ಕ್ಕೆ ಇಂಪೋರ್ಟ್ ಮಾಡಿದರೆ ಆರು ಖಾಲಿ.

ಯಾವುದನ್ನು ಮೊದಲು ಬೆರೆಸಬೇಕು? ಯಾವುದರ ಬಗ್ಗೆ ನಿಮಗೆ ಅನುಮಾನವಿಲ್ಲವೋ ಅದನ್ನು. ಸಾಮಾನ್ಯವಾಗಿ ತಾಳವಾದ್ಯ ಮತ್ತು ಹಿನ್ನೆಲೆ. ಮುಖ್ಯ ಗಾಯನವನ್ನು ಎಂದೂ ಬೌನ್ಸಿಗೆ ಹಾಕಬೇಡಿ. ಬೇಸ್ ಗಿಟಾರ್ ಇದ್ದರೆ ಅದನ್ನೂ ಆದಷ್ಟು ಹೊರಗಿಡಿ: ಸಣ್ಣ ಹೆಡ್‌ಫೋನಿನಲ್ಲಿ ಕೇಳಿ ತೀರ್ಮಾನಿಸಿದ ಬೇಸ್ ಕಾರಿನಲ್ಲಿ ಕೇಳಿದಾಗ ಹೆಚ್ಚೂ ಕಡಿಮೆ ಯಾವಾಗಲೂ ತಪ್ಪಿರುತ್ತದೆ.

ಬೌನ್ಸ್ ಮಾಡಿದ ಮೇಲೆ ಒಡೆದ ಸದ್ದು ಬರುತ್ತಿದೆ.

ಒಂದೊಂದು ಟ್ರ್ಯಾಕೂ ಮೀಟರಿನ ಕೆಂಪು ಮುಟ್ಟದಿದ್ದರೂ ಮೊತ್ತ ಮುಟ್ಟಿರುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಸಮಾನ ಲೆವೆಲ್ಲಿನ ಎರಡು ಟ್ರ್ಯಾಕ್ ಸೇರಿದರೆ ಸುಮಾರು 3 ಡಿಬಿ ಏರುತ್ತದೆ, ನಾಲ್ಕು ಸೇರಿದರೆ 6, ಎಂಟಾದರೆ 9. ಒಂದೇ ಸಿಗ್ನಲ್ ಎರಡು ಟ್ರ್ಯಾಕಿನಲ್ಲಿದ್ದರೆ ಎರಡಕ್ಕೇ 6. ಪೀಕ್ ಮೈನಸ್ 12ರಲ್ಲಿ ರೆಕಾರ್ಡ್ ಮಾಡಿದ್ದರೆ ನಾಲ್ಕು ಟ್ರ್ಯಾಕಿನ ಮೊತ್ತ ಮೈನಸ್ 6ರ ಹತ್ತಿರ ನಿಲ್ಲುತ್ತದೆ. ಮೊದಲೇ ಜೋರಾಗಿ ತೆಗೆದಿದ್ದರೆ ಫೇಡರುಗಳನ್ನೆಲ್ಲ ಸಮನಾಗಿ ಇಳಿಸಿ ಮತ್ತೆ ಬೌನ್ಸ್ ಮಾಡಿ. ಒಡೆದದ್ದನ್ನು ಆಮೇಲೆ ತಗ್ಗಿಸಿದರೆ ಒಡಕು ಹೋಗುವುದಿಲ್ಲ.

ರಿವರ್ಬ್ ಸೇರಿಸಿ ಬೌನ್ಸ್ ಮಾಡಲೇ?

ಬೇಡ. ರಿವರ್ಬ್, ಅಂದರೆ ಕೋಣೆಯ ಪ್ರತಿಧ್ವನಿಯ ಎಫೆಕ್ಟು, ಕೊನೆಯ ಮಿಕ್ಸಿಗಿರಲಿ. ಬೌನ್ಸಿನಲ್ಲೊಂದು, ಗಾಯನದ ಮೇಲೊಂದು ಎಂದಾದರೆ ತಬಲ ದೇವಸ್ಥಾನದಲ್ಲಿ, ಗಾಯಕ ಬಚ್ಚಲುಮನೆಯಲ್ಲಿ ಇದ್ದಂತೆ ಕೇಳುತ್ತದೆ. ಗಿಟಾರಿನ ಡಿಸ್ಟಾರ್ಷನ್‌ನಂಥ, ವಾದ್ಯದ ನಾದವೇ ಆಗಿರುವ ಎಫೆಕ್ಟನ್ನು ಮಾತ್ರ ಸೇರಿಸಿ ಬರೆಯಬಹುದು. ಪ್ಯಾನ್ (ದನಿ ಎಡಕ್ಕೋ ಬಲಕ್ಕೋ ಎಂಬುದು) ಕೂಡ ಬೌನ್ಸಿನಲ್ಲೇ ಅಚ್ಚಾಗುತ್ತದೆ, ಮೊದಲೇ ಯೋಚಿಸಿ.

ಬೌನ್ಸ್ ಆದ ಟ್ರ್ಯಾಕ್ ಸ್ವಲ್ಪ ಹಿಂದೆ ಬಿದ್ದಂತಿದೆ. ಅನುಮಾನವೋ ನಿಜವೋ?

ಪರೀಕ್ಷಿಸಬಹುದು. ಒಂದು ಟ್ರ್ಯಾಕಿನಲ್ಲಿ ಕ್ಲಿಕ್ ರೆಕಾರ್ಡ್ ಮಾಡಿ, ಅದೊಂದನ್ನೇ ಬೇರೆ ಟ್ರ್ಯಾಕಿಗೆ ಅದೇ ಲೆವೆಲ್ಲಿನಲ್ಲಿ ಬೌನ್ಸ್ ಮಾಡಿ. ಎರಡೂ ಫೈಲನ್ನು ಅಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು ಒಂದನ್ನು ಇನ್ವರ್ಟ್ ಮಾಡಿ (ಅಲೆಯನ್ನು ತಲೆಕೆಳಗಾಗಿಸಿ) ಒಟ್ಟಿಗೆ ನುಡಿಸಿ. ಪೂರ್ತಿ ಮೌನವಾದರೆ ತಡವಿಲ್ಲ. ಕ್ಲಿಕ್ ಉಳಿದರೆ ಅಲೆಯನ್ನು ಹಿಗ್ಗಿಸಿ ನೋಡಿ, ಎಷ್ಟು ಸ್ಯಾಂಪಲ್ ತಡ ಎಂದು ಎಣಿಸಬಹುದು. 44 ಸ್ಯಾಂಪಲ್ ಅಂದರೆ ಸುಮಾರು 1 ಮಿಲಿಸೆಕೆಂಡು. ಎಫೆಕ್ಟ್ ಆನ್ ಇದ್ದಾಗ ಕೆಲವು ಯಂತ್ರಗಳಲ್ಲಿ ತಡ ಬರುತ್ತದೆ. ಮೂಲವನ್ನೂ ಬೌನ್ಸನ್ನೂ ಒಟ್ಟಿಗೆ ನುಡಿಸಿದಾಗ ಮಾತ್ರ ಅದು ಕೊಳವೆಯೊಳಗಿನ ದನಿಯಂತೆ ಕಾಡುತ್ತದೆ, ಮೂಲ ಮ್ಯೂಟ್ ಇದ್ದರೆ ಒಂದೆರಡು ಮಿಲಿಸೆಕೆಂಡು ಯಾರಿಗೂ ತಿಳಿಯದು.

ತಂಬೂರಕ್ಕೆ ಒಂದು ಟ್ರ್ಯಾಕ್ ಪೂರ್ತಿ ಹೋಗುತ್ತದಲ್ಲ?

ಕೊಡಬೇಡಿ. ಹಾಡಿನುದ್ದಕ್ಕೂ ಬದಲಾಗದ ನಾದಕ್ಕೆ ಟ್ರ್ಯಾಕ್ ಏಕೆ? ಎಲೆಕ್ಟ್ರಾನಿಕ್ ತಂಬೂರ, ಉದಾಹರಣೆಗೆ ನಮ್ಮ ಬೆಂಗಳೂರಿನದೇ ಆದ ರೇಡೆಲ್, ಲೈನ್ ಔಟ್‌ನಿಂದ ರೆಕಾರ್ಡರಿನ ಖಾಲಿ ಇನ್‌ಪುಟ್ಟಿಗೆ ಹಾಕಿ, ಅಂತಿಮ ಮಿಕ್ಸ್ ಬರೆಯುವಾಗ ನೇರವಾಗಿ ಸೇರಿಸಿ. ಮಿಕ್ಸ್‌ಡೌನ್ ಸಮಯದಲ್ಲಿ ಇನ್‌ಪುಟ್ ತೆರೆದಿಡಲು ನಿಮ್ಮ ಮಾದರಿ ಬಿಡಬೇಕು, ಅಷ್ಟೆ. ಬಿಡದಿದ್ದರೆ ಮೊದಲ ಬೌನ್ಸಿನಲ್ಲೇ ಬೆರೆಸಿ. ಫೈನ್ ಟ್ಯೂನ್ ಗುಂಡಿ ಎಲ್ಲಿತ್ತು ಎಂದು ಬರೆದಿಟ್ಟುಕೊಳ್ಳಿ, ಅಥವಾ ಗಾಯನದ ದಿನವೇ 5 ನಿಮಿಷ ತಂಬೂರವನ್ನು ಬೇರೆ ಫೈಲಾಗಿ ತೆಗೆದಿಡಿ. ವಾರ ಬಿಟ್ಟು ಶ್ರುತಿ ಹಿಡಿದರೆ ಕೂದಲೆಳೆಯಷ್ಟು ವ್ಯತ್ಯಾಸ ಬಂದೇ ಬರುತ್ತದೆ, ಷಡ್ಜದಲ್ಲಿ ಅದು ಮುಚ್ಚಿಕೊಳ್ಳುವುದಿಲ್ಲ.

ಟ್ರ್ಯಾಕ್ ಉಳಿಸುವ ಇನ್ನೊಂದು ದಾರಿ ಹಂಚಿಕೆ. ಕೊಳಲು ಚರಣದ ಮುಂಚೆ ಮಾತ್ರ, ಮಂಜೀರ ಕೊನೆಯಲ್ಲಿ ಮಾತ್ರ ಎಂದಾದರೆ ಎರಡೂ ಒಂದೇ ಟ್ರ್ಯಾಕಿನಲ್ಲಿ ಇರಬಹುದು. ಮಿಕ್ಸ್ ಮಾಡುವಾಗ ಆ ಫೇಡರನ್ನು ಎಲ್ಲಿ ಬದಲಿಸಬೇಕು ಎಂದು ನಿಮಿಷ-ಸೆಕೆಂಡ್ ಸಮೇತ ಚೀಟಿಯಲ್ಲಿ ಬರೆದಿಡಿ. ಸ್ಟೀರಿಯೊವನ್ನೂ ಜಿಪುಣತನದಿಂದ ಬಳಸಿ: ಕೀಬೋರ್ಡಿನ ಎರಡು ತಂತಿಯಲ್ಲಿ ಬರುವ ‘ಸ್ಟೀರಿಯೊ’ ಬಹುಪಾಲು ಅದರ ಒಳಗಿನ ಕೋರಸ್ ಎಫೆಕ್ಟು, ಒಂದು ತಂತಿ ಸಾಕು.

ಕ್ಲಿಕ್ ಇಟ್ಟರೆ ಮಿಶ್ರಚಾಪುವಿನಲ್ಲಿ ಪೆಟ್ಟು ತಪ್ಪುತ್ತಿದೆ.

ಯಂತ್ರ 4/4ರಲ್ಲಿ ಇದೆ, ನಾಲ್ಕಕ್ಕೊಮ್ಮೆ ಜೋರು ಪೆಟ್ಟು ಕೊಡುತ್ತಿದೆ. ಮೆಟ್ರೊನೋಮನ್ನು 1/4ಕ್ಕೆ ಇಡಿ, ಎಲ್ಲ ಪೆಟ್ಟೂ ಒಂದೇ ಸಮ. ಏಳನ್ನು ನೀವೇ ಕೈಯಲ್ಲಿ ಹಾಕಿಕೊಳ್ಳಿ. ಆ ಸೌಲಭ್ಯ ಇಲ್ಲದಿದ್ದರೆ ಮೃದಂಗದವರಿಂದಲೇ ಸರಳವಾದ ಒಂದು ಆವರ್ತದ ನಡೆಯನ್ನು ಗೈಡಾಗಿ ಹಾಕಿಸಿ.

ಟ್ರ್ಯಾಕ್ ಹೆಚ್ಚಿದಂತೆ ಹಿನ್ನೆಲೆಯ ಗದ್ದಲವೂ ಹೆಚ್ಚುತ್ತಿದೆ.

ಹೆಚ್ಚಲೇಬೇಕು. ಪ್ರತಿ ಮೈಕ್ ಟ್ರ್ಯಾಕೂ ಅದೇ ಕೋಣೆಯ ಗದ್ದಲವನ್ನು ಹೊತ್ತು ತರುತ್ತದೆ. ಎಂಟು ಸೇರಿದರೆ 9 ಡಿಬಿ. ವಾದ್ಯ ಸುಮ್ಮನಿರುವ ಜಾಗಗಳನ್ನು ಬೌನ್ಸಿಗೆ ಮುಂಚೆ ಅಳಿಸಿ, ಎರಡೂ ತುದಿಗೆ ಅರ್ಧ ಸೆಕೆಂಡ್ ಬಿಟ್ಟು. ಫ್ಯಾನ್ ಆರಿಸಿ. ಮಾಗಡಿ ರಸ್ತೆಯ ಪಕ್ಕದ ಮನೆಯಾದರೆ ಬೆಳಗಿನ 5ರ ಮೊದಲಿನ ಹೊತ್ತು ಬಿಟ್ಟರೆ ಬೇರೆ ದಾರಿ ಕಡಿಮೆ, ಮೈಕನ್ನು ಹತ್ತಿರ ಹಿಡಿಯುವುದೊಂದೇ ಉಳಿದದ್ದು. ದೂರ ಅರ್ಧಕ್ಕಿಳಿದರೆ ನೇರ ದನಿ ಸುಮಾರು 6 ಡಿಬಿ ಏರುತ್ತದೆ, ಗದ್ದಲ ಇದ್ದಷ್ಟೇ ಇರುತ್ತದೆ.

ಎರಡು ರೆಕಾರ್ಡರ್ ಅಥವಾ ಒಂದು ಫೋನ್ ಸೇರಿಸಿ ಟ್ರ್ಯಾಕ್ ಹೆಚ್ಚಿಸಬಹುದಾ?

ಆಗುತ್ತದೆ, ಆದರೆ ಎರಡೂ ಯಂತ್ರದ ಗಡಿಯಾರ ಒಂದೇ ಅಲ್ಲ ಎಂಬುದು ನೆನಪಿರಲಿ. ಒಳಗಿನ ಕ್ರಿಸ್ಟಲ್‌ಗಳ ನಡುವೆ ಹತ್ತು ಲಕ್ಷಕ್ಕೆ 50 ಭಾಗದಷ್ಟು ವ್ಯತ್ಯಾಸ ಇದ್ದರೆ 4 ನಿಮಿಷಕ್ಕೆ 12 ಮಿಲಿಸೆಕೆಂಡು, ಗಂಟೆಗೆ 0.18 ಸೆಕೆಂಡು ಜಾರುತ್ತದೆ. ಹಾಡಿಗೆ ನಡೆಯುತ್ತದೆ, ಸಂಗೀತ ಕಚೇರಿಗೆ ನಡೆಯದು. ಆರಂಭದಲ್ಲಿ ಒಂದು ಚಪ್ಪಾಳೆ, ಕೊನೆಯಲ್ಲಿ ಒಂದು ಚಪ್ಪಾಳೆ ಎರಡರಲ್ಲೂ ಬೀಳುವಂತೆ ಹೊಡೆಯಿರಿ. ಕಂಪ್ಯೂಟರಿನಲ್ಲಿ ಮೊದಲನೆಯದನ್ನು ಜೋಡಿಸಿ, ಕೊನೆಯದು ಎಷ್ಟು ಜಾರಿದೆ ನೋಡಿ, ಅಷ್ಟು ಮಾತ್ರ ಹಿಗ್ಗಿಸಿ ಅಥವಾ ಕುಗ್ಗಿಸಿ. ಎರಡು ಜೂಮ್ ಆರ್16ಗಳನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಒಟ್ಟಿಗೆ ಶುರು ಮಾಡಿ 16 ಟ್ರ್ಯಾಕ್ ರೆಕಾರ್ಡ್ ಮಾಡುವ ಸೌಲಭ್ಯವೂ ಇದೆ.

ಫೋನ್ ಸೇರಿಸುವವರು ಎರಡು ಕಡೆ ಎಡವುತ್ತಾರೆ. ಮೊದಲನೆಯದು ಸ್ಯಾಂಪಲ್ ರೇಟ್: ಫೋನ್ ಸಾಮಾನ್ಯವಾಗಿ 48ರಲ್ಲಿ ಬರೆಯುತ್ತದೆ. ಅದನ್ನು ಪರಿವರ್ತಿಸದೆ 44.1ರ ಹಾಡಿಗೆ ತುರುಕಿದರೆ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಇಳಿದು, 4 ನಿಮಿಷದ ಹಾಡು 4 ನಿಮಿಷ 21 ಸೆಕೆಂಡಿಗೆ ಎಳೆಯುತ್ತದೆ. ಎರಡನೆಯದು ಬ್ಲೂಟೂತ್ ಹೆಡ್‌ಫೋನ್. ಅದರ ತಡ 100 ಮಿಲಿಸೆಕೆಂಡಿಗೂ ಮೀರಬಹುದು. ಅದರಲ್ಲಿ ಕೇಳಿ ಹಾಡಿದ್ದೆಲ್ಲ ಅಷ್ಟೇ ತಡವಾಗಿ ದಾಖಲಾಗುತ್ತದೆ. ತಂತಿಯ ಹೆಡ್‌ಫೋನೇ ಇರಲಿ.

ಕಂಪ್ಯೂಟರಿಗೆ ಸಾಗಿಸಿದರೆ ಟ್ರ್ಯಾಕ್ ಮಿತಿಯೇ ಇರದಲ್ಲ?

ನಿಜ, ಇದೇ ಅತ್ಯಂತ ಸುಲಭದ ದಾರಿ, ರೆಕಾರ್ಡರ್ ಕೇವಲ ಹಿಡಿಯುವ ಪೆಟ್ಟಿಗೆಯಾಗುತ್ತದೆ. ಕ್ರಮ ಹೀಗೆ: ರೆಕಾರ್ಡರಿನಲ್ಲಿ ಒಂದು ಕಂತು ತುಂಬಿಸಿ, ವೇವ್ ಫೈಲುಗಳನ್ನು ಕಂಪ್ಯೂಟರಿಗೆ ಇಳಿಸಿ, ಅಡಾಸಿಟಿ, ರೀಪರ್, ಆರ್ಡರ್ (Ardour) ಎಂಬ ತಂತ್ರಾಂಶಗಳಲ್ಲಿ ಯಾವುದರಲ್ಲಾದರೂ ಜೋಡಿಸಿ. ಒರಟು ಸ್ಟೀರಿಯೊ ಮಿಕ್ಸ್ ಮಾಡಿ ಅದನ್ನು ಸೊನ್ನೆಯಿಂದ ಶುರುವಾಗುವಂತೆ, ಅದೇ ಸ್ಯಾಂಪಲ್ ರೇಟಿನಲ್ಲಿ ವೇವ್ ಆಗಿ ತೆಗೆದು ಹೊಸ ಹಾಡಿನ 1-2ನೇ ಟ್ರ್ಯಾಕಿಗೆ ಹಾಕಿ. ಉಳಿದ ಟ್ರ್ಯಾಕುಗಳಲ್ಲಿ ಹೊಸ ವಾದ್ಯ. ಮತ್ತೆ ಕಂಪ್ಯೂಟರಿಗೆ, ಈ ಸಲ ಹೊಸ ಟ್ರ್ಯಾಕ್‌ಗಳನ್ನಷ್ಟೇ. ಎಷ್ಟು ಸುತ್ತಾದರೂ ಸುತ್ತಬಹುದು, ಮೂಲ ಟ್ರ್ಯಾಕ್‌ಗಳೆಲ್ಲ ಬಿಡಿಬಿಡಿಯಾಗಿಯೇ ಉಳಿಯುತ್ತವೆ.

ಇದರಲ್ಲಿ ಕೆಡುವುದು ಸಾಮಾನ್ಯವಾಗಿ ಒಂದೇ ಕಡೆ. ಹಾಡಿನ 2ನೇ ನಿಮಿಷದಲ್ಲಿ ರೆಕಾರ್ಡ್ ಒತ್ತಿದ ಕೊಳಲಿನ ಫೈಲ್, ಕಂಪ್ಯೂಟರಿಗೆ ಬಂದಾಗ ತಾನು ಎಲ್ಲಿ ಕೂರಬೇಕೆಂದು ಹೇಳದಿರಬಹುದು. ಆದ್ದರಿಂದ ಎಲ್ಲವನ್ನೂ ಸೊನ್ನೆಯಿಂದಲೇ ರೆಕಾರ್ಡ್ ಮಾಡಿ, ನುಡಿಸುವುದು ಎಲ್ಲಿಂದಾದರೂ ಇರಲಿ. ಜಾಗ ಸ್ವಲ್ಪ ಹೆಚ್ಚು ಹೋಗುತ್ತದೆ, ಹೋಗಲಿ. ಟ್ರ್ಯಾಕ್ ಎಕ್ಸ್‌ಪೋರ್ಟ್ ಸೌಲಭ್ಯವಿರುವ ಮಾದರಿಗಳಲ್ಲಿ ಕೆಲವು ತಾವೇ ಮುಂದಿನ ಮೌನವನ್ನು ತುಂಬಿ ಕೊಡುತ್ತವೆ. ಒಂದು ಟ್ರ್ಯಾಕ್ ತೆಗೆದು ನೋಡಿ ಖಚಿತ ಮಾಡಿಕೊಳ್ಳಿ.

3 ಗಂಟೆಯ ಕಚೇರಿ ರೆಕಾರ್ಡ್ ಮಾಡಿದಾಗ ಫೈಲ್ ಎರಡು ತುಂಡಾಗಿದೆ. ಕಾರ್ಡಿನಲ್ಲಿ ಜಾಗ ಇತ್ತಲ್ಲ?

ಜಾಗದ ಮಿತಿಯಲ್ಲ, ಫೈಲಿನ ಮಿತಿ. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ, ವೇವ್ ಫೈಲಿನ ತಲೆಬರಹದ ಅಳತೆಯೂ 32 ಬಿಟ್ಟಿನದೇ. ಎಷ್ಟೋ ರೆಕಾರ್ಡರುಗಳು 2 ಜಿಬಿಗೇ ಕತ್ತರಿಸುತ್ತವೆ (ಈ ಮಿತಿಯ 2 ಜಿಬಿ ಮಾತ್ರ ಸುಮಾರು 214.7 ಕೋಟಿ ಬೈಟ್). ಸ್ಟೀರಿಯೊ, 24 ಬಿಟ್, 44.1 ಆದರೆ 2 ಜಿಬಿ ಮುಟ್ಟುವುದು 135ನೇ ನಿಮಿಷಕ್ಕೆ. 48 ಆದರೆ 124ಕ್ಕೆ. 96 ಆದರೆ 62ಕ್ಕೆ. 16 ಬಿಟ್ 44.1ರಲ್ಲಿ 203 ನಿಮಿಷ, ಹೆಚ್ಚಿನ ಕಚೇರಿಗಳು ಅದರೊಳಗೆ ಮುಗಿಯುತ್ತವೆ.

ಚಾಮರಾಜಪೇಟೆಯ ರಾಮನವಮಿ ಉತ್ಸವದಲ್ಲೋ ಗಾಯನ ಸಮಾಜದಲ್ಲೋ ಸಂಜೆಯ ಕಚೇರಿ ಹಿಡಿಯುವವರು ಮೊದಲೇ ಲೆಕ್ಕ ಹಾಕಿ (ಅನುಮತಿ ಪಡೆದೇ ಹಿಡಿಯಿರಿ): 135ನೇ ನಿಮಿಷ ಬೀಳುವುದು ಸರಿಯಾಗಿ ರಾಗ-ತಾನ-ಪಲ್ಲವಿಯ ನಡುವೆ, ಇಲ್ಲವೇ ತನಿ ಆವರ್ತನದಲ್ಲಿ. ಒಳ್ಳೆಯ ಮಾದರಿಗಳು ಒಂದು ಸ್ಯಾಂಪಲ್ಲೂ ಬಿಡದೆ ಮುಂದಿನ ಫೈಲಿಗೆ ಹೋಗುತ್ತವೆ, ಕೆಲವು ಕ್ಷಣಕಾಲ ನುಂಗುತ್ತವೆ. ಮನೆಯಲ್ಲಿ ತಂಬೂರ ಹಾಕಿ ಗಡಿ ದಾಟುವವರೆಗೆ ಓಡಿಸಿ, ಎರಡು ಫೈಲನ್ನು ತುದಿಗೆ ತುದಿ ಜೋಡಿಸಿ ಕೇಳಿದರೆ ನಿಮ್ಮದು ಯಾವ ಜಾತಿ ಎಂದು ತಿಳಿಯುತ್ತದೆ. ನುಂಗುವ ಜಾತಿಯಾದರೆ ಒಂದು ಕೀರ್ತನೆ ಮುಗಿದ ಚಪ್ಪಾಳೆಯಲ್ಲಿ ನೀವೇ ನಿಲ್ಲಿಸಿ ಹೊಸ ಫೈಲ್ ಶುರು ಮಾಡಿ.

ರೆಕಾರ್ಡ್ ಮಾಡುವಾಗ ಕರೆಂಟ್ ಹೋಯಿತು. ಫೈಲ್ 0 ಬೈಟ್ ತೋರಿಸುತ್ತಿದೆ.

ಸದ್ದು ಕಾರ್ಡಿಗೆ ಬರೆದಾಗಿದೆ, ಆದರೆ ಫೈಲಿನ ಉದ್ದವನ್ನು ದಾಖಲಿಸುವುದು ಸ್ಟಾಪ್ ಒತ್ತಿದಾಗ. ಅಲ್ಲಿಯವರೆಗೆ ಅದು ವಾರಸುದಾರನಿಲ್ಲದ ಆಸ್ತಿ. ತಕ್ಷಣ ಕಾರ್ಡ್ ಹೊರತೆಗೆಯಿರಿ, ಅದಕ್ಕೆ ಇನ್ನೇನನ್ನೂ ಬರೆಯಬೇಡಿ, ಬರೆಯದಂತೆ ಪಕ್ಕದ ಲಾಕ್ ಸರಿಸಿ. ಕಂಪ್ಯೂಟರಿನಲ್ಲಿ ಇಡೀ ಕಾರ್ಡಿನ ಇಮೇಜ್ (ಬೈಟ್‌ಗೆ ಬೈಟ್ ಪ್ರತಿ) ತೆಗೆದು, ಅದರ ಮೇಲೆ ಫೋಟೊರೆಕ್‌ನಂಥ ಉಚಿತ ತಂತ್ರಾಂಶ ಓಡಿಸಿ. ಫೈಲ್ ಸಿಕ್ಕಿಯೂ ತೆರೆಯದಿದ್ದರೆ ಅಡಾಸಿಟಿಯಲ್ಲಿ ‘ರಾ ಡೇಟಾ’ ಆಗಿ ಇಂಪೋರ್ಟ್ ಮಾಡಿ: ಸೈನ್ಡ್ 16 ಅಥವಾ 24 ಬಿಟ್, ಲಿಟ್ಲ್ ಎಂಡಿಯನ್, ಚಾನೆಲ್ 1 ಅಥವಾ 2, 44100. ಬರೀ ಕರಕರ ಕೇಳಿದರೆ ಆಫ್‌ಸೆಟ್ಟನ್ನು 0, 1, 2 ಎಂದು ಒಂದೊಂದೇ ಬೈಟ್ ಸರಿಸಿ ನೋಡಿ. ಒಂದರಲ್ಲಿ ಸದ್ದು ತಿಳಿಯಾಗುತ್ತದೆ.

ಒಂದು ಸ್ಟೀರಿಯೊ ಫೈಲಾದರೆ ಹೀಗೆ ಬಹುಮಟ್ಟಿಗೆ ಸಿಗುತ್ತದೆ. 8 ಟ್ರ್ಯಾಕ್ ಒಟ್ಟಿಗೆ ಬರೆಯುತ್ತಿದ್ದರೆ ಎಂಟೂ ಫೈಲಿನ ತುಂಡುಗಳು ಕಾರ್ಡಿನಲ್ಲಿ ಒಂದರ ಪಕ್ಕ ಒಂದು ಕೂತಿರುತ್ತವೆ. ಬಿಡಿಸಿ ಜೋಡಿಸುವುದು ಸಾಮಾನ್ಯರ ಕೈಲಾಗದು. ಹಾಗಾಗಿ ಮಳೆಗಾಲದ ಸಂಜೆ ಅಡಾಪ್ಟರನ್ನೊಂದೇ ನಂಬಬೇಡಿ. ಬ್ಯಾಟರಿ ಹಾಕುವ ಮಾದರಿಯಾದರೆ ಬ್ಯಾಟರಿ ಒಳಗಿರಲಿ, ಅಡಾಪ್ಟರ್ ಕಿತ್ತರೂ ಓಡುತ್ತದೆಯೇ ಎಂದು ಬಿಡುವಿನಲ್ಲಿ ಪರೀಕ್ಷಿಸಿ. ಯುಎಸ್‌ಬಿಯಿಂದ ಓಡುವುದಕ್ಕೆ ಪವರ್ ಬ್ಯಾಂಕ್ ಒಳ್ಳೆಯದು. ಆದರೆ ಕಡಿಮೆ ವಿದ್ಯುತ್ ಎಳೆದರೆ ತಾನೇ ಆರಿಹೋಗುವ ಪವರ್ ಬ್ಯಾಂಕ್‌ಗಳಿವೆ, ಅರ್ಧ ಗಂಟೆ ಓಡಿಸಿ ನೋಡಿ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ರೆಕಾರ್ಡ್ ಮಾಡಿದರೆ ಗುಂಯ್ ಸದ್ದು ಸೇರುವುದು ಹೆಚ್ಚು.

ಹಳೆಯ ಹಾರ್ಡ್‌ಡಿಸ್ಕ್ ಅಥವಾ ಮಿನಿಡಿಸ್ಕ್ ರೆಕಾರ್ಡರ್ ಸಿಕ್ಕಿದೆ. ಅದಕ್ಕೂ ಇದೆಲ್ಲ ಹೊಂದುತ್ತದಾ?

ಮಿನಿಡಿಸ್ಕ್ ಮಲ್ಟಿಟ್ರ್ಯಾಕ್‌ಗೆ, ಅಂದರೆ ಯಮಹಾ ಎಂಡಿ4, ಟ್ಯಾಸ್ಕ್ಯಾಮ್ 564, ಸೋನಿ ಎಂಡಿಎಂ-ಎಕ್ಸ್4 ಮುಂತಾದವಕ್ಕೆ, 140 ಎಂಬಿಯ ಡೇಟಾ ಡಿಸ್ಕ್ ಬೇಕು. 4 ಟ್ರ್ಯಾಕಿಗೆ 37 ನಿಮಿಷ. ಅಲ್ಲಿ ಸದ್ದು ಕಂಪ್ರೆಸ್ ಆಗಿರುವುದರಿಂದ ಪ್ರತಿ ಬೌನ್ಸಿಗೂ ಮತ್ತೊಮ್ಮೆ ಹಿಂಡಿದಂತೆ. ಒಂದೇ ಬೌನ್ಸಿಗೆ ನಿಲ್ಲಿಸಿ.

ರೋಲ್ಯಾಂಡ್ ವಿಎಸ್ ಸರಣಿಯ ಡಿಸ್ಕ್ ಕಂಪ್ಯೂಟರಿಗೆ ನೇರವಾಗಿ ಅರ್ಥವಾಗುವುದಿಲ್ಲ. ಡಿಜಿಟಲ್ ಔಟ್ ಇದ್ದರೆ ಎರಡೆರಡು ಟ್ರ್ಯಾಕಿನಂತೆ ನುಡಿಸಿ ಕಂಪ್ಯೂಟರಿನ ಇಂಟರ್‌ಫೇಸಿಗೆ ಹಿಡಿಯಿರಿ, ಇಂಟರ್‌ಫೇಸಿನ ಕ್ಲಾಕನ್ನು ‘ಎಕ್ಸ್‌ಟರ್ನಲ್’ಗೆ ಇಟ್ಟರೆ ಜಾರುವಿಕೆ ಇರುವುದಿಲ್ಲ. ಪ್ರತಿ ಸುತ್ತಿಗೂ ಮೊದಲಿಗೆ ಒಂದೇ ಕ್ಲಿಕ್ ಬರುವಂತಿದ್ದರೆ ಜೋಡಣೆ ಸಲೀಸು. ಸದ್ದು ಮಾಡುತ್ತಿರುವ ಹಳೆಯ ಡಿಸ್ಕಾದರೆ ಹೊಸ ರೆಕಾರ್ಡಿಂಗ್ ಬದಿಗಿಟ್ಟು ಮೊದಲು ಇದನ್ನು ಮುಗಿಸಿ.

ಬೌನ್ಸ್ ಆದ ಮೇಲೆ ಮೂಲ ಟ್ರ್ಯಾಕ್‌ಗಳನ್ನು ಯಾವಾಗ ಅಳಿಸಬಹುದು?

ರೆಕಾರ್ಡರಿನಿಂದ, ಎರಡು ಬೇರೆ ಜಾಗದಲ್ಲಿ ಪ್ರತಿ ಇದೆ ಎಂದಾದ ಮೇಲೆ. ಪ್ರತಿಗಳನ್ನು ತೆರೆದು ಕೇಳಿರಬೇಕು, ಫೈಲಿನ ಹೆಸರು ಕಂಡರೆ ಸಾಲದು. ಫೋಲ್ಡರಿಗೆ ಹಾಡಿನ ಹೆಸರು, ದಿನಾಂಕ, ಕಂತಿನ ಸಂಖ್ಯೆ ಕೊಡಿ. ಒಳಗೆ ಒಂದು ಟೆಕ್ಸ್ಟ್ ಫೈಲಿನಲ್ಲಿ ಯಾವ ಟ್ರ್ಯಾಕಿನಲ್ಲಿ ಏನಿದೆ, ಶ್ರುತಿ ಎಷ್ಟು, ಕ್ಲಿಕ್ಕಿನ ವೇಗ ಎಷ್ಟು ಎಂದು ಬರೆಯಿರಿ. 4 ನಿಮಿಷದ 12 ಟ್ರ್ಯಾಕ್, 24 ಬಿಟ್, ಎಲ್ಲ ಸೇರಿ 381 ಎಂಬಿ. 1 ಟಿಬಿ ಡಿಸ್ಕಿಗೆ ಅಂಥವು 2,600 ಹಿಡಿಸುತ್ತವೆ.